ಷೆನ್‌ಜೆನ್: ಗೋಪುರಗಳ ನೆರಳಿನಲ್ಲಿ ಉಳಿದ ಹಳ್ಳಿಗಳು

ಹಾಂಗ್‌ಕಾಂಗ್‌ನಿಂದ ರೈಲಿನಲ್ಲಿ ಬಂದು, ಲೊಹು ಗಡಿಯ ಸೇತುವೆಯನ್ನು ಕಾಲ್ನಡಿಗೆಯಲ್ಲಿ ದಾಟಿ, ದಕ್ಷಿಣ ಚೀನಾದ ಷೆನ್‌ಜೆನ್ ನಗರವನ್ನು ಹೊಕ್ಕಾಗ ಮೂಡಿದ ಅನಿಸಿಕೆಗಳನ್ನು ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಅದನ್ನು ಓದಿದ ಹಲವರು ಪತ್ರ ಬರೆದಿದ್ದಾರೆ. ಕೆಲವರು ಅಲ್ಲಿಗೆ ಹೊರಟವರು, ಕೆಲವರು ವ್ಯಾಪಾರಿಗಳು, ಇನ್ನು ಕೆಲವರಿಗೆ ಚೀನಾದ ಬಗ್ಗೆ ಸಹಜವಾದ ಅನುಮಾನಗಳಿವೆ. ಎಲ್ಲ ಪತ್ರಗಳಿಗೂ ಇಲ್ಲಿ ಜಾಗವಿಲ್ಲದ ಕಾರಣ, ಹೋಲುವ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಕಚೇರಿಯ ಕೆಲಸದ ಮೇಲೆ ಮುಂದಿನ ತಿಂಗಳು ಷೆನ್‌ಜೆನ್‌ಗೆ ಹೊರಟಿದ್ದೇನೆ. ವಿದೇಶ ಪ್ರಯಾಣ ಇದೇ ಮೊದಲು. ಇಳಿದ ಕೂಡಲೇ ಬೆಂಗಳೂರಿಗಿಂತ ಬೇರೆ ಎನ್ನಿಸುವುದು ಯಾವುದು? ಮೊದಲೇ ಏನೇನು ಸಿದ್ಧಮಾಡಿಕೊಳ್ಳಬೇಕು?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಕಣ್ಣಿಗಿಂತ ಮೊದಲು ಕಿವಿಗೆ ವ್ಯತ್ಯಾಸ ತಿಳಿಯುತ್ತದೆ. ಷೆನ್‌ಜೆನ್ ನಗರವು 16 ಸಾವಿರಕ್ಕೂ ಹೆಚ್ಚಿದ್ದ ತನ್ನ ಬಸ್‌ಗಳನ್ನೆಲ್ಲ 2017ರ ಅಂತ್ಯದ ಹೊತ್ತಿಗೆ ವಿದ್ಯುತ್ ಬಸ್‌ಗಳಾಗಿ ಬದಲಾಯಿಸಿಕೊಂಡಿತು. ಟ್ಯಾಕ್ಸಿಗಳೂ ಅದರ ಬೆನ್ನಿಗೇ ಬದಲಾದವು. ಅಗಲವಾದ ರಸ್ತೆಯ ಅಂಚಿನಲ್ಲಿ, ಸಂಜೆಯ ದಟ್ಟಣೆಯ ಹೊತ್ತಿನಲ್ಲೂ, ಪಕ್ಕದಲ್ಲಿರುವವರೊಡನೆ ದನಿ ಏರಿಸದೆ ಮಾತನಾಡಬಹುದು. ವಿದ್ಯುತ್ ವಾಹನ ತಯಾರಿಸುವ ಬಿವೈಡಿ ಕಂಪನಿಯ ಮುಖ್ಯ ಕಚೇರಿ ಇದೇ ನಗರದಲ್ಲಿದೆ, ಬಸ್ ಕೊಳ್ಳಲು ಸರ್ಕಾರ ದೊಡ್ಡ ಮೊತ್ತದ ಸಹಾಯಧನವನ್ನೂ ಕೊಟ್ಟಿತು. ಹಾಗಾಗಿ ಈ ಬದಲಾವಣೆಯನ್ನು ಕೇವಲ ಪರಿಸರ ಪ್ರೇಮವೆಂದು ತಿಳಿಯಬೇಕಾಗಿಲ್ಲ, ಊರಿನ ಕಾರ್ಖಾನೆಗೆ ಊರೇ ಮೊದಲ ಗಿರಾಕಿಯಾಯಿತು ಎಂದರೂ ಸರಿಯೇ. ಈ ನಿಶ್ಶಬ್ದಕ್ಕೆ ಒಂದು ಅಪಾಯವೂ ಅಂಟಿಕೊಂಡಿದೆ. ಊಟ ತಲುಪಿಸುವ ಹುಡುಗರ ವಿದ್ಯುತ್ ಸ್ಕೂಟರ್‌ಗಳು ಪಾದಚಾರಿ ಮಾರ್ಗದ ಮೇಲೆಯೇ, ಸದ್ದಿಲ್ಲದೆ, ಹಿಂದಿನಿಂದ ಬರುತ್ತವೆ. ನಡೆಯುವಾಗ ಪಕ್ಕಕ್ಕೆ ಸರಿಯುವ ಮುನ್ನ ಒಮ್ಮೆ ತಿರುಗಿ ನೋಡುವ ಅಭ್ಯಾಸವನ್ನು ಮೊದಲ ದಿನವೇ ಮಾಡಿಕೊಳ್ಳಿ.

ಎರಡನೆಯದು ಹಸಿರು. ಗಾಜು, ಕಾಂಕ್ರೀಟು ಮಾತ್ರ ಇರುವ ಊರೆಂದು ಹೊರಟವರಿಗೆ, ಬಿಳಲು ಬಿಟ್ಟ ಆಲದ ಜಾತಿಯ ಮರಗಳು ರಸ್ತೆಯ ಉದ್ದಕ್ಕೂ ಚಪ್ಪರ ಹಾಕಿರುವುದು ಅಚ್ಚರಿಯೆನಿಸುತ್ತದೆ. ಉಷ್ಣವಲಯದ ಅಂಚಿನ ಕರಾವಳಿಯಾದ್ದರಿಂದ ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರಿನ ಸೆಕೆಯೇ ಇರುತ್ತದೆ. ಅದರ ಜೊತೆಗೆ ಚಂಡಮಾರುತದ ಮುನ್ನೆಚ್ಚರಿಕೆಗಳೂ ಬರುತ್ತಿರುತ್ತವೆ.

ಸಿದ್ಧತೆಯ ವಿಷಯಕ್ಕೆ ಬಂದರೆ, ಹೊರಡುವ ಮುನ್ನ, ಚೀನಾದಲ್ಲಿ ಹಣ ಪಾವತಿಗೆ ಬಳಸುವ ಅಲಿಪೇ ಅಥವಾ ವಿಚಾಟ್ ಆ್ಯಪ್‌ಗೆ ವಿದೇಶದಲ್ಲೂ ನಡೆಯುವ ನಿಮ್ಮ ವೀಸಾ ಕಾರ್ಡ್ ಅಥವಾ ಮಾಸ್ಟರ್‌ಕಾರ್ಡ್ ಅನ್ನು ಜೋಡಿಸಿಕೊಳ್ಳಿ. 2023ರಿಂದ ಪ್ರವಾಸಿಗರಿಗೆ ಇದು ಸುಲಭವಾಗಿದೆ. 200 ಯುವಾನ್‌ವರೆಗಿನ ಪಾವತಿಗೆ ಹೆಚ್ಚುವರಿ ಶುಲ್ಕವಿಲ್ಲ. ನೋಟುಗಳನ್ನು ನಿರಾಕರಿಸುವಂತಿಲ್ಲ ಎಂಬ ನಿಯಮ ಇದೆಯಾದರೂ ಚಿಕ್ಕ ಅಂಗಡಿಯವರ ಬಳಿ ಚಿಲ್ಲರೆ ಇರುವುದು ಅಪರೂಪ. ಕ್ಯೂಆರ್ ಕೋಡ್ ನಮಗೆ ಹೊಸದಲ್ಲವಾದ್ದರಿಂದ, ಯುರೋಪಿನವರು ಗಾಬರಿಯಾಗುವ ಕಡೆ ನಾವು ಆರಾಮವಾಗಿರುತ್ತೇವೆ. ಗೂಗಲ್, ವಾಟ್ಸ್ಆ್ಯಪ್‌ಗಳು ಹೋಟೆಲಿನ ವೈಫೈಯಲ್ಲಿ ನಡೆಯುವುದಿಲ್ಲ. ನಮ್ಮ ಸಿಮ್‌ನಲ್ಲಿ ಅಂತರರಾಷ್ಟ್ರೀಯ ರೋಮಿಂಗ್ ಹಾಕಿಸಿಕೊಂಡು ಹೋದರೆ ಸಾಮಾನ್ಯವಾಗಿ ನಡೆಯುತ್ತವೆ. 2020ರಲ್ಲಿ ನಿಂತುಹೋಗಿದ್ದ ಭಾರತ–ಚೀನಾ ನೇರ ವಿಮಾನಗಳು 2025ರ ಅಕ್ಟೋಬರ್‌ನಲ್ಲಿ ಕೋಲ್ಕತ್ತಾ–ಗ್ವಾಂಗ್‌ಜೌ ಮಾರ್ಗದಿಂದ ಮತ್ತೆ ಶುರುವಾದವು. ಗ್ವಾಂಗ್‌ಜೌನಿಂದ ಷೆನ್‌ಜೆನ್‌ಗೆ ವೇಗದ ರೈಲುಗಳು ಬೇಕಾದಷ್ಟಿವೆ. ಟಿಕೆಟ್‌ಗೂ ರೈಲು ಹತ್ತುವುದಕ್ಕೂ ಪಾಸ್‌ಪೋರ್ಟ್ ಕೈಯಲ್ಲಿರಬೇಕು.

ಪ್ರಶ್ನೆ: ಷೆನ್‌ಜೆನ್ 40 ವರ್ಷಗಳ ಹಿಂದೆ ಬರೀ ಮೀನುಗಾರರ ಹಳ್ಳಿಯಾಗಿತ್ತು ಎಂದು ಎಲ್ಲ ಕಡೆ ಓದುತ್ತೇವೆ. ಒಂದು ಹಳ್ಳಿ ಅಷ್ಟು ಬೇಗ ಮಹಾನಗರವಾಗುವುದು ಹೇಗೆ ಸಾಧ್ಯ?
— ಕಾಲೇಜು ಅಧ್ಯಾಪಕರು, ಶಿವಮೊಗ್ಗ

ಉತ್ತರ: ನಿಮ್ಮ ಅನುಮಾನ ಸರಿಯಾಗಿದೆ. ಮೀನುಗಾರರ ಹಳ್ಳಿಯ ಕಥೆ ಹೇಳಲು ಚೆನ್ನಾಗಿದೆ, ಆದರೆ ಅದು ಅರ್ಧ ಸತ್ಯ. ಇಂದು ಷೆನ್‌ಜೆನ್ ಎನಿಸಿಕೊಂಡಿರುವ ಸುಮಾರು 2,000 ಚದರ ಕಿಲೋಮೀಟರ್ ಪ್ರದೇಶವು 1979ರವರೆಗೆ ಬಾವೊಆನ್ ಎಂಬ ಹೆಸರಿನ, ನಮ್ಮ ತಾಲ್ಲೂಕಿನಂಥ ಆಡಳಿತ ಘಟಕವಾಗಿತ್ತು. ಅಲ್ಲಿ ಸುಮಾರು 3 ಲಕ್ಷ ಜನರಿದ್ದರು, ನೂರಾರು ಹಳ್ಳಿಗಳಿದ್ದವು, ಸಂತೆಯ ಪಟ್ಟಣವಿತ್ತು, ಗಡಿಯಲ್ಲಿ ರೈಲು ನಿಲ್ದಾಣವಿತ್ತು. ಹೆಚ್ಚಿನವರು ಭತ್ತ ಬೆಳೆಯುವ, ಲಿಚಿ ತೋಟ ಮಾಡುವ, ಸಿಂಪಿ ಸಾಕುವ ಜನ. ನಗರದ ಪಶ್ಚಿಮಕ್ಕಿರುವ ನಾನ್‌ತೌ ಕೋಟೆಯೂರು ಕ್ರಿ.ಶ. 331ರಷ್ಟು ಹಿಂದೆಯೇ ಆ ಸೀಮೆಯ ಆಡಳಿತ ಕೇಂದ್ರವಾಗಿತ್ತು. ಪೂರ್ವದ ದಾಪೆಂಗ್ ಕೋಟೆಯನ್ನು ಕಡಲ್ಗಳ್ಳರ ಕಾಟ ತಡೆಯಲು ಮಿಂಗ್ ಅರಸರು 1394ರಲ್ಲಿ ಕಟ್ಟಿಸಿದರು. ನಾನ್‌ತೌನಿಂದ ಆಳಲಾಗುತ್ತಿದ್ದ ಸೀಮೆಯೊಳಗೆ ಒಂದು ಕಾಲಕ್ಕೆ ಹಾಂಗ್‌ಕಾಂಗ್ ಕೂಡ ಸೇರಿತ್ತು.

ನಿಜವಾದ ಮೀನುಗಾರರ ಹಳ್ಳಿಯೂ ಒಂದಿತ್ತೆನ್ನಿ. ದೋಣಿಗಳಲ್ಲೇ ಬದುಕುತ್ತಿದ್ದ ಜನ ದಡ ಹತ್ತಿ ನೆಲೆಸಿದ್ದ ಲೊಹುವಿನ ಯುಮಿನ್ ಹಳ್ಳಿ ಆರ್ಥಿಕ ಸುಧಾರಣೆಯ ಮೊದಲ ವರ್ಷಗಳಲ್ಲೇ ಸಿರಿವಂತವಾಯಿತು, 1984ರ ಜನವರಿಯಲ್ಲಿ ಆ ಸುಧಾರಣೆಯ ರೂವಾರಿ, ಚೀನಾದ ಅಂದಿನ ಪರಮೋಚ್ಚ ನಾಯಕ ಡೆಂಗ್ ಶಿಯಾವೊಪಿಂಗ್ ಅಲ್ಲಿನ ಮನೆಯೊಂದಕ್ಕೆ ಭೇಟಿ ಕೊಟ್ಟರು. ಆ ಒಂದು ಹಳ್ಳಿಯ ಚಿತ್ರವನ್ನೇ ಇಡೀ ನಗರಕ್ಕೆ ಹೊದಿಸಲಾಗಿದೆ ಎಂಬುದು ನನ್ನ ಗುಮಾನಿ. ಪವಾಡ ಮಾಡಿದವರಿಗೆ, ಹಿಂದೆ ಏನೂ ಇರಲಿಲ್ಲ ಎನ್ನುವುದು ಅನುಕೂಲದ ಮಾತು.

ಬೆಳವಣಿಗೆಯ ಮೂಲಕಾರಣ ನಕ್ಷೆಯಲ್ಲೇ ಇದೆ. ನದಿಯ ಆಚೆ ದಡದಲ್ಲಿ ಬ್ರಿಟಿಷರ ಆಳ್ವಿಕೆಯ ಹಾಂಗ್‌ಕಾಂಗ್ ಇತ್ತು. ಅಲ್ಲಿನ ಕೂಲಿಗೂ ಇಲ್ಲಿನ ಕೂಲಿಗೂ ಅಜಗಜಾಂತರ. 1950ರಿಂದ 70ರ ದಶಕದವರೆಗೆ ಸಾವಿರಾರು ಜನ ಕೊಲ್ಲಿಯನ್ನು ಈಜಿ ಆಚೆಗೆ ಓಡಿಹೋದರು, ಎಷ್ಟೋ ಜನ ನೀರುಪಾಲಾದರು. ಓಡುವವರನ್ನು ಕಾವಲಿನಿಂದ ತಡೆಯಲಾಗದು, ಈಚೆ ದಡದಲ್ಲೇ ಸಂಪಾದನೆಯಾಗಬೇಕು ಎಂಬ ಅರಿವಿನಿಂದ ವಿಶೇಷ ಆರ್ಥಿಕ ವಲಯದ ಯೋಚನೆಗೆ ಬಲ ಬಂತು. ಯುವಾನ್ ಗೆಂಗ್ ಎಂಬ ಅಧಿಕಾರಿ 1979ರಲ್ಲಿ ಶೆಕೌ ಎಂಬಲ್ಲಿ ಗುಡ್ಡ ಸಿಡಿಸಿ ಕೈಗಾರಿಕಾ ಪ್ರದೇಶ ತೆರೆದರು. 1980ರ ಆಗಸ್ಟ್‌ನಲ್ಲಿ ವಿಶೇಷ ವಲಯ ಅಧಿಕೃತವಾಯಿತು. ಹಾಂಗ್‌ಕಾಂಗ್‌ನ ಬಂಡವಾಳ, ಒಳನಾಡಿನ ಬಡ ಪ್ರಾಂತ್ಯಗಳಿಂದ ಬಂದ ಹದಿಹರೆಯದ ಹೆಣ್ಣುಮಕ್ಕಳ ದುಡಿಮೆ, ಈ ಎರಡೂ ಸೇರಿದ ಕಡೆ ಆಟಿಕೆ, ಬಟ್ಟೆ, ರೇಡಿಯೊ ಕಾರ್ಖಾನೆಗಳು ಎದ್ದವು.

ಮೂರನೆಯ ಅಂಶವನ್ನು ಪ್ರವಾಸಿಗರು ಗಮನಿಸುವುದೇ ಇಲ್ಲ: ಅದು ನೆಲ. 1987ರ ಡಿಸೆಂಬರ್ 1ರಂದು ಷೆನ್‌ಜೆನ್ ಆಡಳಿತವು 8,588 ಚದರ ಮೀಟರ್‌ನ ಒಂದು ನಿವೇಶನವನ್ನು 50 ವರ್ಷ ಬಳಸುವ ಹಕ್ಕನ್ನು ಬಹಿರಂಗವಾಗಿ ಹರಾಜು ಹಾಕಿ, 52.5 ಲಕ್ಷ ಯುವಾನ್‌ಗೆ ಮಾರಿತು. ಕಮ್ಯುನಿಸ್ಟ್ ಚೀನಾದಲ್ಲಿ ಇದು ಮೊದಲು. ಮರುವರ್ಷ ಸಂವಿಧಾನವನ್ನೇ ತಿದ್ದುಪಡಿ ಮಾಡಿ ಇದಕ್ಕೆ ದಾರಿ ಮಾಡಲಾಯಿತು. ನೆಲದ ಒಡೆತನ ಸರ್ಕಾರದ್ದೇ, ಬಳಕೆಯ ಹಕ್ಕು ಮಾತ್ರ ಮಾರಾಟಕ್ಕೆ. ಮೆಟ್ರೊ, ರಸ್ತೆ, ಉದ್ಯಾನಗಳಿಗೆ ಹಣ ಎಲ್ಲಿಂದ ಬಂತು ಎಂದು ಕೇಳುವವರಿಗೆ ಉತ್ತರದ ದೊಡ್ಡ ಪಾಲು ಇಲ್ಲಿದೆ.

ವೇಗದ ದಂತಕಥೆ ಮಾತ್ರ ದಂತಕಥೆಯಲ್ಲ. 160 ಮೀಟರ್ ಎತ್ತರದ ಗುವೊಮಾವ್ ಕಟ್ಟಡದ 53 ಅಂತಸ್ತುಗಳನ್ನು ಕಟ್ಟುವಾಗ ಒಂದು ಹಂತದಲ್ಲಿ ಮೂರು ದಿನಕ್ಕೊಂದು ಅಂತಸ್ತು ಏಳುತ್ತಿತ್ತು. 1985ರಲ್ಲಿ ಅದು ಚೀನಾದ ಅತಿ ಎತ್ತರದ ಕಟ್ಟಡ. ಇಂದು ಅದರ ಮುಂದೆ ನಿಂತರೆ, ಸುತ್ತಲಿನ ಗೋಪುರಗಳ ನಡುವೆ ಅದನ್ನೇ ಹುಡುಕಬೇಕಾಗುತ್ತದೆ. 2017ರಲ್ಲಿ ಮುಗಿದ ಪಿಂಗ್ ಆನ್ ಕಟ್ಟಡದ ಎತ್ತರ 599 ಮೀಟರ್.

ಪ್ರಶ್ನೆ: ಅಂಥ ದುಬಾರಿ ನಗರದಲ್ಲಿ ಕಾರ್ಖಾನೆ ಕೆಲಸಗಾರರು, ಹೋಟೆಲ್ ಮಾಣಿಗಳು, ಗುಡಿಸುವವರು ಎಲ್ಲಿ ವಾಸಿಸುತ್ತಾರೆ? ನಿಮ್ಮ ಬರಹದಲ್ಲಿ ಅವರು ಕಾಣಲಿಲ್ಲ.
— ಓದುಗರೊಬ್ಬರು, ಕಲಬುರಗಿ

ಉತ್ತರ: ಈ ಸಲದ ಪತ್ರಗಳಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ ಪ್ರಶ್ನೆ ಇದು. ಕಳೆದ ಬರಹ ಗಡಿ, ರಸ್ತೆ, ಮೆಟ್ರೊಗಳಿಗೆ ಸೀಮಿತವಾಗಿತ್ತು. ಇದಕ್ಕೆ ಪ್ರತ್ಯೇಕ ಜಾಗವೇ ಬೇಕು.

ನಗರವು ಭತ್ತದ ಗದ್ದೆಗಳನ್ನು ಸ್ವಾಧೀನಪಡಿಸಿಕೊಂಡಿತು, ಆದರೆ ಹಳ್ಳಿಗಳ ಮನೆಯ ನಿವೇಶನಗಳನ್ನು ಹೆಚ್ಚಾಗಿ ಹಳ್ಳಿಗರ ಕೈಯಲ್ಲೇ ಬಿಟ್ಟಿತು. ಅವನ್ನು ಕೊಳ್ಳಲು, ಜನರಿಗೆ ಬೇರೆ ಕಡೆ ನೆಲೆ ಕಲ್ಪಿಸಲು ಆಗ ಹಣವೂ ಇರಲಿಲ್ಲ, ಪುರುಸೊತ್ತೂ ಇರಲಿಲ್ಲ. ಉಳುಮೆ ಕಳೆದುಕೊಂಡ ರೈತ ಒಂದಂತಸ್ತಿನ ಹೆಂಚಿನ ಮನೆ ಕೆಡವಿ ಮೂರಂತಸ್ತು ಕಟ್ಟಿ ಬಾಡಿಗೆಗೆ ಕೊಟ್ಟ. ಬಾಡಿಗೆದಾರರು ಹೆಚ್ಚಿದಂತೆ ಆರು, ಎಂಟು ಅಂತಸ್ತುಗಳನ್ನು ಏರಿಸಿದ. ಹೀಗೆ ಬೆಳೆದ ಹಳ್ಳಿಗಳು ನಗರದೊಳಗೆ ನೂರಾರು ಇವೆ. ಷೆನ್‌ಜೆನ್‌ನ ಅರ್ಧದಷ್ಟು ಜನ ಇಂಥ ಕಡೆ ಬಾಡಿಗೆಗೆ ಇದ್ದಾರೆಂಬುದು ಸಾಮಾನ್ಯ ಅಂದಾಜು. 2020ರ ಜನಗಣತಿಯ ಪ್ರಕಾರ ನಗರದ ಜನಸಂಖ್ಯೆ 1 ಕೋಟಿ 75 ಲಕ್ಷ ದಾಟಿದೆ ಎಂಬುದನ್ನು ನೆನೆದರೆ, ಈ ಅರ್ಧ ಎಷ್ಟು ದೊಡ್ಡದು ಎಂದು ತಿಳಿಯುತ್ತದೆ.

ಒಳಗೆ ಹೊಕ್ಕರೆ ಕಾಣುವುದು ಹೀಗೆ. ಎಂಟು ಪಥದ ರಸ್ತೆಯಿಂದ ಒಂದು ಕಮಾನಿನೊಳಗೆ ತಿರುಗಿದ ಕೂಡಲೇ ಓಣಿಯ ಅಗಲ ಎರಡು ಮಾರಿಗಿಳಿಯುತ್ತದೆ. ನೆಲಮಹಡಿಯನ್ನು ನಿಯಮದ ಅಳತೆಯಲ್ಲಿ ಕಟ್ಟಿ, ಮೇಲಿನ ಅಂತಸ್ತುಗಳನ್ನು ಹೊರಕ್ಕೆ ಚಾಚಿಸಿರುವುದರಿಂದ, ಎದುರುಬದುರು ಕಿಟಕಿಯವರು ಪರಸ್ಪರ ಕೈ ಕುಲುಕಬಹುದು; ಚೀನೀಯರೇ ಇವಕ್ಕೆ ಕೈಕುಲುಕುವ ಕಟ್ಟಡಗಳೆಂದು ಹೆಸರಿಟ್ಟಿದ್ದಾರೆ. ಮಧ್ಯಾಹ್ನವೂ ದೀಪ ಉರಿಯುತ್ತಿರುತ್ತದೆ. ಕಬ್ಬಿಣದ ಸರಳುಗಳ ಪಂಜರದಲ್ಲಿ ಒಣಗಲು ಹಾಕಿದ ಬಟ್ಟೆಯಿಂದ ನೀರು ತಲೆಯ ಮೇಲೆ ತೊಟ್ಟಿಕ್ಕುತ್ತದೆ, ಅದರ ನಡುವೆ ವಿದ್ಯುತ್ ತಂತಿಗಳ ಗೊಂಚಲು. ಓಣಿಯ ಬಾಯಲ್ಲಿ ಹೆಂಗಸೊಬ್ಬಳು ತಗಡಿನ ಅರೆಗಳಿಗೆ ನೀರುದೋಸೆಯ ಹಿಟ್ಟಿನಷ್ಟೇ ತೆಳುವಾದ ಅಕ್ಕಿಹಿಟ್ಟನ್ನು ಸುರಿದು, ಮೊಟ್ಟೆ ಒಡೆದು, ಹಬೆಯ ಪೆಟ್ಟಿಗೆಯೊಳಗೆ ತಳ್ಳುತ್ತಾಳೆ. ಒಂದು ನಿಮಿಷದಲ್ಲಿ ಎಳೆದು, ಚಪ್ಪಟೆ ಕರಣೆಯಿಂದ ಕೆರೆದು ಮಡಚಿ, ಸೋಯಾ ಸಾರು ಹನಿಸಿ ಕೊಡುತ್ತಾಳೆ. ಹಳದಿ ಅಂಗಿಯ ಸ್ಕೂಟರ್ ಹುಡುಗರು ನಿಂತಲ್ಲೇ ತಿಂದು ಹೊರಡುತ್ತಾರೆ. ಮನೆ ಮಾಲೀಕರು ಇಂಥ ಓಣಿಗಳಲ್ಲಿ ಈಗ ವಾಸವಿರುವುದು ಕಡಿಮೆ, ಬಾಡಿಗೆ ವಸೂಲಿಗೆ ಬೇರೆಯವರಿದ್ದಾರೆ. ಆದರೂ ಹಳ್ಳಿಯ ಪಿತೃಗಳ ಮಂದಿರ ಮಾತ್ರ ಅಲ್ಲೇ, ಕಟ್ಟಡಗಳ ನಡುವೆ ಅಂಗಳ ಉಳಿಸಿಕೊಂಡು ನಿಂತಿರುತ್ತದೆ. ಹಬ್ಬಕ್ಕೆ ಒಂದೇ ಮನೆತನದ ಜನ ಅಲ್ಲಿ ಸೇರಿ ಊಟ ಮಾಡುತ್ತಾರೆ.

ಹಳ್ಳಿಗರು ಒಟ್ಟಾಗಿ ಷೇರು ಕಂಪನಿಗಳನ್ನು ಮಾಡಿಕೊಂಡಿದ್ದಾರೆ. ಹಳ್ಳಿ ಕೆಡವಿ ಗೋಪುರ ಕಟ್ಟುವಾಗ ಮೂಲ ರೈತನಿಗೆ ಹಲವು ಫ್ಲ್ಯಾಟುಗಳು ಸಿಗುತ್ತವೆ. ಆತ ರಾತ್ರೋರಾತ್ರಿ ಕೋಟ್ಯಧೀಶ. 442 ಮೀಟರ್ ಎತ್ತರದ ಕೆಕೆ100 ಗೋಪುರ ನಿಂತಿರುವುದು ತ್ಸೈವುವೇ ಎಂಬ ಹಳ್ಳಿಯ ನೆಲದ ಮೇಲೆ. 2007ರಲ್ಲಿ ಅಲ್ಲಿನ ಒಂದು ದಂಪತಿ ಸುತ್ತಲೂ ಎಲ್ಲ ನೆಲಸಮವಾದರೂ ಜಗ್ಗದೆ ತಮ್ಮ ಮನೆ ಕಾದು, ಭಾರಿ ಪರಿಹಾರ ಪಡೆದೇ ಹೊರಟರು. ಬಾಡಿಗೆದಾರನ ಪಾಡು ಬೇರೆ. ಸುಮಾರು ಒಂದೂವರೆ ಲಕ್ಷ ಜನ ಕಿಕ್ಕಿರಿದಿದ್ದ ಬೈಶಿಜೌ ಹಳ್ಳಿಯನ್ನು 2019ರಿಂದೀಚೆಗೆ ತೆರವು ಮಾಡತೊಡಗಿದಾಗ, ಮಾಲೀಕರಿಗೆ ಪರಿಹಾರ ಬಂತು, ಬಾಡಿಗೆದಾರರಿಗೆ ಬಂದದ್ದು ಮನೆ ಖಾಲಿ ಮಾಡುವ ಸೂಚನೆ. ಶಾಲೆಯ ನಡುವರ್ಷದಲ್ಲಿ ಮಕ್ಕಳನ್ನು ಕರೆದುಕೊಂಡು ಎಲ್ಲಿಗೆ ಹೋಗುವುದು ಎಂಬ ಕೂಗು ಆಗ ಜೋರಾಗಿಯೇ ಎದ್ದಿತ್ತು. ಕಾರಣ ಹುಕೌ ಎಂಬ ಕುಟುಂಬ ನೋಂದಣಿ ಪದ್ಧತಿ. ಷೆನ್‌ಜೆನ್‌ನ ನಿವಾಸಿಗಳಲ್ಲಿ ಸುಮಾರು ಮೂರನೇ ಒಂದು ಭಾಗದವರ ನೋಂದಣಿ ಮಾತ್ರ ಆ ನಗರದಲ್ಲಿದೆ. ಉಳಿದವರ ಮಕ್ಕಳಿಗೆ ಸರ್ಕಾರಿ ಶಾಲೆಯ ಸೀಟು ಅಂಕಗಳ ಲೆಕ್ಕದ ಮೇಲೆ ಸಿಗುತ್ತದೆ, ಆ ಅಂಕದಲ್ಲಿ ತಂದೆತಾಯಿ ಎಲ್ಲಿ, ಎಷ್ಟು ಕಾಲ ಬಾಡಿಗೆಗಿದ್ದರು ಎಂಬುದೂ ಸೇರುತ್ತದೆ.

ಕೆಡವದೆ ಸುಧಾರಿಸಿದ ಉದಾಹರಣೆಯೂ ಇದೆ. ಫೂತಿಯಾನ್‌ನ ಶುಯ್‌ವೇ ಹಳ್ಳಿಯಲ್ಲಿ 29 ಕೈಕುಲುಕುವ ಕಟ್ಟಡಗಳನ್ನು ಹಾಗೆಯೇ ಉಳಿಸಿ, ಲಿಫ್ಟ್ ಮತ್ತು ಮೇಲ್ಸೇತುವೆಗಳಿಂದ ಜೋಡಿಸಿ, ಬಣ್ಣ ಹಚ್ಚಿ ಯುವ ಉದ್ಯೋಗಿಗಳ ವಸತಿಯಾಗಿ ಮಾಡಿದ್ದಾರೆ. ನೋಡಲು ಚೆಂದವಾಗಿದೆ. ಆದರೆ ಅಲ್ಲಿ ಮೊದಲಿದ್ದ ಗಾರೆ ಕೆಲಸದವನು ಮತ್ತೆ ಅಲ್ಲಿಗೆ ಬರಲಾರ.

ಪ್ರಶ್ನೆ: ನಮ್ಮದು ಎಸ್.ಪಿ. ರಸ್ತೆಯಲ್ಲಿ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿ. ಹುವಾಚಿಯಾಂಗ್‌ಬೇ ಮಾರುಕಟ್ಟೆಗೆ ಹೋಗಿದ್ದಿರಾ? ಹೇಳುವಷ್ಟು ದೊಡ್ಡದೇ?
— ವ್ಯಾಪಾರಿ, ಬೆಂಗಳೂರು

ಉತ್ತರ: ಹೋಗಿದ್ದೆ, ಹೇಳುವುದಕ್ಕಿಂತ ದೊಡ್ಡದು. ಎಸ್.ಪಿ. ರಸ್ತೆಯ ಸರಕಿನ ಎಷ್ಟೋ ಪಾಲಿಗೆ ಅದೇ ತವರು ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಎದೆಯೆತ್ತರದ ಗಾಜಿನ ಪೆಟ್ಟಿಗೆಯಷ್ಟೇ ಜಾಗದ ಮಳಿಗೆಗಳು ಅಂತಸ್ತಿನ ಮೇಲೆ ಅಂತಸ್ತು. ಒಬ್ಬನ ಬಳಿ ಬರೀ ಕೆಪಾಸಿಟರ್, ಇನ್ನೊಬ್ಬಳ ಬಳಿ ಬರೀ ಯುಎಸ್‌ಬಿ ಕನೆಕ್ಟರ್, ರೀಲುಗಟ್ಟಲೆ. ಮಗು ಕೌಂಟರಿನ ಕೆಳಗೆ ಕುಳಿತು ಮನೆಪಾಠ ಬರೆಯುತ್ತಿರುತ್ತದೆ, ತಾಯಿ ಅಂಟುಪಟ್ಟಿಯ ಯಂತ್ರದಿಂದ ಕರಕರ ಸದ್ದು ಮಾಡುತ್ತ ಪೆಟ್ಟಿಗೆ ಕಟ್ಟುತ್ತಿರುತ್ತಾಳೆ. ಚಿಲ್ಲರೆ ಕೊಳ್ಳುವವರಿಗೆ ಅವರು ಮುಖ ಕೊಡುವುದಿಲ್ಲ. ನಕಲಿ ಫೋನ್‌ಗಳ ಕಾಲ ಮುಗಿದಂತಿದೆ; ಕೆಲವು ಕಟ್ಟಡಗಳಲ್ಲಿ ಪ್ರಸಾಧನ ಸಾಮಗ್ರಿಗಳ ಅಂಗಡಿಗಳು ಸೇರಿಕೊಂಡಿವೆ. 2021ರ ಮೇ ತಿಂಗಳಲ್ಲಿ ಅಲ್ಲಿನ ಸೆಗ್ ಪ್ಲಾಜಾ ಗೋಪುರ ಬಿರುಗಾಳಿ, ಭೂಕಂಪ ಒಂದೂ ಇಲ್ಲದೆ ಅಲುಗಾಡಿ ಜನ ಓಡಿದ ಸುದ್ದಿ ನೆನಪಿರಬಹುದು. ನೆತ್ತಿಯ ಮೇಲಿನ ಕಂಬದ ಕಂಪನವೇ ಅದಕ್ಕೆ ಕಾರಣವೆಂದು ತಿಳಿದು, ಅದನ್ನು ಇಳಿಸಿದ ಮೇಲೆ ಮಾರುಕಟ್ಟೆ ಮತ್ತೆ ತೆರೆಯಿತು.

ಪ್ರಶ್ನೆ: ಸಸ್ಯಾಹಾರಿಗಳು ಬದುಕಬಹುದೇ?
— ಗೃಹಿಣಿ, ಶಿರಸಿ

ಉತ್ತರ: ಬದುಕಬಹುದು, ಎಚ್ಚರದಿಂದ. ಹುರಿದ ಸೊಪ್ಪಿಗೆ ಹಂದಿಯ ಕೊಬ್ಬು ಅಥವಾ ಸಿಂಪಿಯ ಸಾಸ್ ಬಿದ್ದಿರುವುದು ಸಾಮಾನ್ಯ. ಮಾಂಸ ಬೇಡ ಎಂದಷ್ಟೇ ಹೇಳಿದರೆ ಸಾಲದು. ಬೌದ್ಧರ ಸಸ್ಯಾಹಾರಿ ಉಪಾಹಾರ ಗೃಹಗಳನ್ನು ಹುಡುಕಿಕೊಳ್ಳಿ. ಸಿಯಾನ್‌ಹು ಸಸ್ಯೋದ್ಯಾನದೊಳಗಿನ ಹೊಂಗ್‌ಫಾ ದೇವಾಲಯದ ಊಟದ ಮನೆ ಅಗ್ಗವೂ ಹೌದು, ಅನುಮಾನವಿಲ್ಲದ್ದೂ ಹೌದು.

ಪ್ರಶ್ನೆ: ಎಲ್ಲೆಡೆ ಕ್ಯಾಮೆರಾ ಇರುವ ಊರಿನಲ್ಲಿ ಪ್ರವಾಸಿಗೆ ಉಸಿರುಗಟ್ಟುವುದಿಲ್ಲವೇ? ಅದರ ಬಗ್ಗೆ ನೀವು ಮೃದುವಾಗಿ ಬರೆದಿದ್ದೀರಿ ಎನ್ನಿಸಿತು.
— ನಿವೃತ್ತ ನೌಕರರು, ಮೈಸೂರು

ಉತ್ತರ: ಮಧ್ಯರಾತ್ರಿ ಒಂಟಿ ಹೆಣ್ಣುಮಗಳು ಫೋನ್ ನೋಡುತ್ತ ನಿರಾತಂಕವಾಗಿ ನಡೆದು ಹೋಗುವುದನ್ನು ಕಂಡಾಗ ಪ್ರವಾಸಿಗೆ ಉಸಿರುಗಟ್ಟುವುದಿಲ್ಲ, ಅಸೂಯೆಯಾಗುತ್ತದೆ. ತೊಂದರೆ ಇರುವುದೂ ಅಲ್ಲೇ: ಸುರಕ್ಷತೆ ಮೊದಲ ದಿನವೇ ಕಾಣುತ್ತದೆ, ಅದರ ಬೆಲೆ ಹೊರಗಿನವರಿಗೆ ಕಾಣುವುದಿಲ್ಲ. ಮೆಟ್ರೊದ ಪ್ರತಿ ನಿಲ್ದಾಣದಲ್ಲೂ ಚೀಲ ಯಂತ್ರದೊಳಗೆ ಹೋಗಬೇಕು. ಎಲ್ಲಿ ತಂಗಿದರೂ 24 ಗಂಟೆಯೊಳಗೆ ಪೊಲೀಸ್ ನೋಂದಣಿಯಾಗಬೇಕು, ಹೋಟೆಲ್‌ನವರೇ ಅದನ್ನು ಮಾಡುತ್ತಾರೆ. ಕೆಂಪು ದೀಪವಿದ್ದಾಗ ರಸ್ತೆ ದಾಟಿದವರ ಮುಖವನ್ನು ಗುರುತಿಸಿ ಪಕ್ಕದ ಪರದೆಯ ಮೇಲೆ ತೋರಿಸುವ ವ್ಯವಸ್ಥೆಯನ್ನು 2017ರ ಸುಮಾರಿಗೇ ಈ ನಗರ ಕೆಲವು ಕಡೆ ಹಾಕಿತ್ತು. ಪ್ರವಾಸಿ ಕೆಲವು ದಿನವಿದ್ದು ಹೊರಡುತ್ತಾನೆ. 2018ರಲ್ಲಿ ಇದೇ ಊರಿನ ಕಾರ್ಖಾನೆಯೊಂದರಲ್ಲಿ ಸಂಘ ಕಟ್ಟಲು ಹೊರಟ ಕೆಲಸಗಾರರು, ಅವರ ಬೆಂಬಲಕ್ಕೆ ಬಂದ ವಿದ್ಯಾರ್ಥಿಗಳು ಬಂಧನಕ್ಕೊಳಗಾದರು. ಪತ್ರಿಕೆ ಬರೆಯುವಂತಿಲ್ಲ, ಫೋನಿನಲ್ಲಿ ಹಂಚುವಂತಿಲ್ಲ ಎಂದಾಗ ಶಿಸ್ತು ಮತ್ತು ಭಯವನ್ನು ಬೇರ್ಪಡಿಸುವುದು ಕಷ್ಟ.

ಪ್ರಶ್ನೆ: ಬೆಂಗಳೂರು ಷೆನ್‌ಜೆನ್ ಆಗಬಲ್ಲದೇ? ನಮ್ಮ ನಾಯಕರು ಆಗಾಗ ಹೀಗೆ ಹೇಳುತ್ತಿರುತ್ತಾರೆ.
— ಓದುಗರೊಬ್ಬರು, ಧಾರವಾಡ

ಉತ್ತರ: ಆಗಲಾರದು, ಎಲ್ಲ ವಿಷಯದಲ್ಲೂ ಆಗಬೇಕಾಗಿಯೂ ಇಲ್ಲ. ನೆಲವೆಲ್ಲ ಸರ್ಕಾರದ್ದಾಗಿ, ಪಕ್ಕದಲ್ಲೊಂದು ಹಾಂಗ್‌ಕಾಂಗ್ ಇದ್ದು, ಬಂದವರ ಮಕ್ಕಳಿಗೆ ಶಾಲೆಯ ಹಕ್ಕು ಕೊಡದೆ ದುಡಿಸಿಕೊಂಡರೆ ಸಿಗುವ ವೇಗ ಅದು. ರಾಯಚೂರಿನಿಂದ ಗಾರೆ ಕೆಲಸಕ್ಕೆ ಬಂದವರು ಬೆಂಗಳೂರಿನ ಸರ್ಕಾರಿ ಶಾಲೆಗೆ ಮಗುವನ್ನು ಸೇರಿಸಲು ಯಾವ ಅಂಕವನ್ನೂ ಗಳಿಸಬೇಕಿಲ್ಲ. ಶಾಲೆ ಹೇಗಿದೆ ಎಂಬುದು ಬೇರೆ ಜಗಳ. ಇನ್ನೊಂದು ಕಡೆ, ಎರಡು ಊರುಗಳೂ ಹಳ್ಳಿಗಳನ್ನು ನುಂಗಿಯೇ ಬೆಳೆದಿವೆ. ಈಜಿಪುರ, ಮಡಿವಾಳಗಳ ಹಳೆಯ ಊರೊಳಗಿನ ಓಣಿಗಳಲ್ಲಿ ಅಂತಸ್ತಿನ ಮೇಲೆ ಅಂತಸ್ತು ಏರಿಸಿ ಬಾಡಿಗೆಗೆ ಕೊಟ್ಟಿರುವ ಮನೆಗಳನ್ನು ಕಂಡವರಿಗೆ ಬೈಶಿಜೌ ಅಪರಿಚಿತವೆನಿಸದು. ನಾವು ಅಲ್ಲಿಂದ ಕಲಿಯಬೇಕಾದುದು ಗಾಜಿನ ಗೋಪುರವನ್ನಲ್ಲ. ಷೆನ್‌ಜೆನ್ ಮೆಟ್ರೊ ಶುರುವಾದದ್ದು 2004ರಲ್ಲಿ, ನಮ್ಮದು 2011ರಲ್ಲಿ; ಅವರ ಜಾಲ ಈಗ ಸುಮಾರು 600 ಕಿ.ಮೀ., ನಮ್ಮದು 100ರ ಆಸುಪಾಸು. ಬಸ್ಸು, ಮೆಟ್ರೊ, ಮರದ ನೆರಳಿರುವ ಅಗಲವಾದ ಪಾದಚಾರಿ ಮಾರ್ಗ, ಇವು ಮೂರಕ್ಕೆ ಸರ್ವಾಧಿಕಾರ ಬೇಕಾಗಿಲ್ಲ.

ಪ್ರಶ್ನೆ: ಹಾಂಗ್‌ಕಾಂಗ್ ಪ್ರವಾಸದ ನಡುವೆ ಒಂದೇ ದಿನ ಸಿಕ್ಕರೆ ಏನು ನೋಡಬೇಕು?
— ದಂಪತಿ, ಮಂಗಳೂರು

ಉತ್ತರ: ಮೊದಲು ವೀಸಾ ನೋಡಿಕೊಳ್ಳಿ, ಹಾಂಗ್‌ಕಾಂಗ್‌ಗೆ ಸಿಕ್ಕ ಅನುಮತಿ ಗಡಿಯ ಈಚೆಗೆ ನಡೆಯುವುದಿಲ್ಲ. ಪಶ್ಚಿಮ ಕೌಲೂನ್‌ನಿಂದ ವೇಗದ ರೈಲು ಕಾಲು ಗಂಟೆಯಷ್ಟರಲ್ಲಿ ಫೂತಿಯಾನ್‌ಗೆ ತಲುಪಿಸುತ್ತದೆ. ಬೆಳಿಗ್ಗೆ ಲಿಯಾನ್‌ಹುವಾ ಬೆಟ್ಟ ಹತ್ತಿ. ಮೇಲೆ ಡೆಂಗ್ ಅವರ ಕಂಚಿನ ಪ್ರತಿಮೆಯ ಬಳಿಯಿಂದ ನಗರದ ನಡುಭಾಗವೆಲ್ಲ ಕಾಣುತ್ತದೆ, ಗೋಪುರಗಳ ಚಿತ್ರ ತೆಗೆಯುವ ಆಸೆ ಅಲ್ಲಿಗೇ ತೀರಿಸಿಕೊಳ್ಳಿ. ಮಧ್ಯಾಹ್ನದ ಊಟ ಶುಯ್‌ವೇ ಹಳ್ಳಿಯಲ್ಲಿ. ಅನಂತರ ನಾನ್‌ತೌ ಕೋಟೆಯೂರಿಗೆ ಮೆಟ್ರೊ ಹಿಡಿಯಿರಿ. ಕಾಫಿ ಅಂಗಡಿಗಳು ತುಂಬಿದ ಮುಖ್ಯ ಬೀದಿಯನ್ನು ಬೇಗ ದಾಟಿ, ಜನ ಇನ್ನೂ ವಾಸವಿರುವ ಅಡ್ಡ ಓಣಿಗಳಲ್ಲಿ ತಿರುಗಾಡಿ. ವಿಂಡೋ ಆಫ್ ದಿ ವರ್ಲ್ಡ್ ಉದ್ಯಾನದಲ್ಲಿ ಪ್ಯಾರಿಸ್ ಗೋಪುರದ ಜೊತೆ ಪುಟ್ಟ ತಾಜ್‌ಮಹಲೂ ಇದೆ. ಮಕ್ಕಳಿಲ್ಲದಿದ್ದರೆ ಅದನ್ನು ಬಿಡಬಹುದು. ಸಂಜೆ ಷೆನ್‌ಜೆನ್ ಕೊಲ್ಲಿಯ ದಂಡೆಯ ಉದ್ಯಾನಕ್ಕೆ ಹೋಗಿ. ಚಳಿಗಾಲವಾದರೆ ಕಾಂಡ್ಲಾ ಕಾಡಿನ ಕೆಸರಿನಲ್ಲಿ ಕಪ್ಪು ಮುಖದ ಚಮಚಕೊಕ್ಕಿನ ಹಕ್ಕಿಗಳು ಸಿಗಬಹುದು, ದುರ್ಬೀನು ಮರೆಯಬೇಡಿ. ವಾಪಸಾತಿಯ ರೈಲಿನ ಟಿಕೆಟನ್ನು ಬೆಳಿಗ್ಗೆಯೇ ತೆಗೆದಿಟ್ಟುಕೊಳ್ಳಿ. ಶನಿವಾರ, ಭಾನುವಾರಗಳಲ್ಲಿ ಅಗ್ಗದ ಊಟ, ಖರೀದಿಗೆಂದು ಬಂದ ಹಾಂಗ್‌ಕಾಂಗ್‌ನವರಿಂದಲೇ ರೈಲು ತುಂಬಿರುತ್ತದೆ.